ಬರ್ಲಿನ್‌ನಲ್ಲಿ ಮಗಳಿಗೆ ಕನ್ನಡ, ತುಳು, ಜರ್ಮನ್: ನನ್ನ ಅನುಭವ

ಮಗಳಿಗೆ ಇನ್ನೇನು ಮೂರು ತುಂಬುತ್ತದೆ. ಈಗ ಅವಳು ಮೂರು ಭಾಷೆಯಲ್ಲಿ ಜಗಳ ಆಡುತ್ತಾಳೆ. ಕೀಟಾದಲ್ಲಿ (ಇಲ್ಲಿನ ಶಿಶುವಿಹಾರ) ಆಟಿಕೆಗಾಗಿ ಜರ್ಮನ್‌ನಲ್ಲಿ ಕಿತ್ತಾಡಿ, ಮನೆಗೆ ಬಂದು ಅದರ ವರದಿಯನ್ನು ನನಗೆ ಕನ್ನಡದಲ್ಲಿ ಒಪ್ಪಿಸಿ, ಅಮ್ಮ ಊಟಕ್ಕೆ ಕರೆದರೆ "ಎಂಕ್ ಬೊಡ್ಚಿ" (ನನಗೆ ಬೇಡ) ಅಂತ ತುಳುವಿನಲ್ಲಿ ಓಡುತ್ತಾಳೆ. ಇದು ಆಗುವುದಿಲ್ಲ ಅಂದವರು ಒಬ್ಬಿಬ್ಬರಲ್ಲ. ಕೀಟಾದ ಶಿಕ್ಷಕಿಯೊಬ್ಬರು ಮನೆಯಲ್ಲೂ ಸ್ವಲ್ಪ ಜರ್ಮನ್ ಆಡಿ ಅಂದರು. ಊ7 ಅನ್ನುವ ಎರಡು ವರ್ಷದ ಮಕ್ಕಳ ತಪಾಸಣೆಯಲ್ಲಿ ಡಾಕ್ಟರು ಒಂದು ಭಾಷೆ ಕಡಿಮೆ ಮಾಡಿದರೆ ಹೇಗೆ ಅಂದರು. ಹಾಸನದಿಂದ ಚಿಕ್ಕಪ್ಪ, "ಇಂಗ್ಲಿಷ್ ಕಲಿಸ್ರೋ, ಕನ್ನಡ ಕಟ್ಕೊಂಡು ಅಲ್ಲೇನ್ ಮಾಡ್ತೀರಾ?" ಅಂದರು. ನನ್ನನ್ನು ಕೆಣಕಿದ್ದು ಇವರ್ಯಾರೂ ಅಲ್ಲ, ಇಲ್ಲಿನ ಕನ್ನಡದ ಗೆಳೆಯರು. "ಅರ್ಥ ಆಗುತ್ತೆ, ಮಾತಾಡಲ್ಲ. ಎಲ್ಲಾ ಮಕ್ಕಳದೂ ಅಷ್ಟೇ ಕಣಪ್ಪಾ" ಅನ್ನುವ ಮಾತು. ಅದೇ ಗೆಳೆಯರು ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದವನು, ಹೆಂಡತಿ ಪುತ್ತೂರಿನವಳು, ಅವಳ ಮನೆಮಾತು ತುಳು. ಎಲ್ಲರ ಹಾಗೆ ನಾವೂ ಶುರು ಮಾಡಿದ್ದು ಓಪೋಲ್‌ನಿಂದಲೇ, ಅಂದರೆ ಒಬ್ಬ ಪಾಲಕರಿಗೆ ಒಂದು ಭಾಷೆ: ಅಪ್ಪನದು ಕನ್ನಡ, ಅಮ್ಮನದು ತುಳು, ಕಟ್ಟುನಿಟ್ಟು. ಒಂದು ವರ್ಷ ನಡೆಸಿದೆವು. ಫಲ ಏನೆಂದರೆ ಮಗು ಎರಡನ್ನೂ ಕೇಳಿಸಿಕೊಂಡು ತನಗೆ ಬರುವ ನಾಲ್ಕಾರು ಜರ್ಮನ್ ಪದಗಳಲ್ಲೇ ಉತ್ತರ ಕೊಡುತ್ತಿತ್ತು. ಗಂಟೆಗಳ ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಕೀಟಾದಲ್ಲಿ ದಿನಕ್ಕೆ ಏಳು ಗಂಟೆ ಜರ್ಮನ್. ನಾನು ಮನೆಗೆ ಬರುವುದು ಸಂಜೆ ಆರಕ್ಕೆ, ಅವಳು ಮಲಗುವುದು ಎಂಟಕ್ಕೆ. ಸ್ನಾನ, ಊಟ, ಅಳು ಕಳೆದರೆ ಕನ್ನಡಕ್ಕೆ ಉಳಿದದ್ದು ಮುಕ್ಕಾಲು ಗಂಟೆ. ಮೇಲಾಗಿ ನಾವಿಬ್ಬರು ಪರಸ್ಪರ ಆಡುತ್ತಿದ್ದದ್ದು "ಡಯಾಪರ್ ಚೇಂಜ್ ಮಾಡಿದ್ಯಾ, ಅಪಾಯಿಂಟ್‌ಮೆಂಟ್ ಕನ್ಫರ್ಮ್ ಆಯ್ತಾ" ಅನ್ನುವ ಭಾಷೆ. ಬೆಲ್ಜಿಯಂನಲ್ಲಿ ಆನಿಕ್ ಡೆ ಹೌವರ್ ಅನ್ನುವ ಭಾಷಾ ಸಂಶೋಧಕಿ ಸುಮಾರು 1,900 ಕುಟುಂಬಗಳನ್ನು ನೋಡಿ, ಓಪೋಲ್ ಇರಲೇಬೇಕೆಂದೂ ಇಲ್ಲ, ಇದ್ದರೆ ಸಾಕೆಂದೂ ಇಲ್ಲ ಅಂತ 2007ರಲ್ಲೇ ಬರೆದಿದ್ದಾರೆ. ಸಿದ್ಧಾಂತ ಅಷ್ಟು ಸಾಕು.

ದುಡ್ಡೂ ಹೋಯಿತು. ಬೆಂಗಳೂರಿನಿಂದ ತರಿಸಿದ ಅಕ್ಷರದ ಕಾರ್ಡುಗಳು, ಒತ್ತಿದರೆ "ಅ ಅರಸ" ಅನ್ನುವ ಮಾತಾಡುವ ಪುಸ್ತಕ, ಶನಿವಾರ ಬೆಳಿಗ್ಗೆಯ ಆನ್‌ಲೈನ್ ಕನ್ನಡ ತರಗತಿ. ಒಂದೂವರೆ ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸಿ ಎಂಟು ಮಕ್ಕಳ ಜೊತೆ ಬಣ್ಣಗಳ ಹೆಸರು ಹೇಳಿಸುವುದು ಯಾರ ಬುದ್ಧಿಯೋ! ಎಲ್ಲ ಸೇರಿ 300 ಯೂರೊ ದಾಟಿರಬೇಕು. ಯೂಟ್ಯೂಬ್ ಶಿಶುಗೀತೆಗಳು ಪುಕ್ಕಟೆ, ಆದರೆ ಅದರಿಂದ ಹಾಡು ಬಂತು, ಮಾತು ಬರಲಿಲ್ಲ.

ಒಂದು ವಿಷಯ ತಡವಾಗಿ ಹೊಳೆಯಿತು. ಅಪ್ಪನಿಗೆ ಜರ್ಮನ್ ಅರ್ಥವಾಗುತ್ತದೆ ಅಂತ ಮಗುವಿಗೆ ಗೊತ್ತು, ಇನ್ನು ಕನ್ನಡ ಯಾಕೆ ಬೇಕು? ಕೆಲವರು ಅರ್ಥವಾಗದ ಹಾಗೆ ನಟಿಸಿ ಅನ್ನುತ್ತಾರೆ. ನಟಿಸಿ ನೋಡಿದೆ, ತಟ್ಟೆ ನೆಲಕ್ಕೆ ಬಿತ್ತು. ಬೇಕಾಗಿದ್ದದ್ದು ನಿಜವಾಗಿಯೂ ಜರ್ಮನ್ ಬಾರದ ಮನುಷ್ಯರು. ನಮ್ಮ ಹತ್ತಿರ ಅಂಥವರು ಇಬ್ಬರಿದ್ದರು, ಹಾಸನದ ಅಜ್ಜಿ ಮತ್ತು ಪುತ್ತೂರಿನ ಅಜ್ಜಿ.

ವಿಡಿಯೊ ಕರೆ ಎಲ್ಲರೂ ಮಾಡುತ್ತೀರಿ, ಗೊತ್ತು. ನಾವೂ ಮಾಡುತ್ತಿದ್ದೆವು, ಭಾನುವಾರ ಸಂಜೆ, "ಹಾಯ್ ಹೇಳು ಪುಟ್ಟಾ, ಅಜ್ಜಿಗೆ ಹಾಡು ಹೇಳು, ನೋಡು ಅಜ್ಜಿ ಕರೀತಿದಾರೆ". ಐದು ನಿಮಿಷಕ್ಕೆ ಮಗು ಪರಾರಿ. ಅದನ್ನು ಪೂರ್ತಿ ಬಿಟ್ಟು ದಿನವೂ ಬೆಳಗಿನ ತಿಂಡಿಗೆ ಬದಲಾಯಿಸಿದೆವು. ಇಲ್ಲಿ ಏಳು ಗಂಟೆ ಅಂದರೆ ಹಾಸನದಲ್ಲಿ ಬೇಸಿಗೆಗೆ ಹತ್ತೂವರೆ, ಚಳಿಗಾಲಕ್ಕೆ ಹನ್ನೊಂದೂವರೆ, ನನ್ನ ಅಮ್ಮ ಅಡುಗೆಮನೆಯಲ್ಲಿರುವ ಹೊತ್ತು. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಅವರು ಸೊಪ್ಪು ಸೋಸುತ್ತಾರೆ, ಇವಳು ಇಲ್ಲಿ ಬ್ರೆಡ್ಡು ತಿನ್ನುತ್ತಾಳೆ. ಯಾರೂ ಯಾರನ್ನೂ ಮಾತಾಡಿಸಬೇಕೆಂದಿಲ್ಲ. ನಾನು ಎದ್ದು ಹೋಗಿಬಿಡುತ್ತೇನೆ, ಇದು ಮುಖ್ಯ. ದೊಡ್ಡವರು ಪಕ್ಕದಲ್ಲಿದ್ದರೆ ಮಗು ಅವರ ಕಡೆ ತಿರುಗುತ್ತದೆ, ಅವರು ದುಭಾಷಿ ಆಗುತ್ತಾರೆ, ಆಟ ಮುಗಿಯಿತು. ಮೊದಲ ವಾರಗಳಲ್ಲಿ ಮೌನ. ಆಮೇಲೆ ಅವರೆಕಾಯಿ ಕಾಲ ಬಂತು. ಹಿತಕಿದ ಬೇಳೆಗೆ ಅಮ್ಮ ಕಾಳು ಹಿತಕುತ್ತಿದ್ದರು, ಒಂದು ಕಾಳು ಚಿಮ್ಮಿ ಫೋನಿಗೆ ಬಡಿಯಿತು. "ಅಜ್ಜಿ, ಇನ್ನೊಂದು!" ಅಂದಳು. ಅಲ್ಲಿಂದ ಮುಂದೆ ಬೆಳಿಗ್ಗೆ ಬಾಯಿ ಮುಚ್ಚಿದ್ದೇ ಕಡಿಮೆ. ಕರೆ ಅರ್ಧ ಗಂಟೆ ಎಳೆಯುವಂತೆ ಮಾಡಲು ಅಮ್ಮನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೇನೆ. ಅದನ್ನಿಲ್ಲಿ ಬರೆಯುವುದಿಲ್ಲ, ಬರೆದರೆ ಹೆಂಡತಿ ಅದನ್ನೇ ಪುತ್ತೂರಿನ ಅಜ್ಜಿಗೂ ಹೇಳಿ ನಮ್ಮ ಅಮ್ಮನ ಮುನ್ನಡೆ ಹೋಗುತ್ತದೆ.

ಆಮೇಲೆ ಅಮ್ಮನನ್ನು ಕರೆಸಿಕೊಂಡೆವು. ವೀಸಾ ಶುಲ್ಕ 90 ಯೂರೊ, ಖರ್ಚೆಲ್ಲ ನಮ್ಮದು ಎಂದು ಇಲ್ಲಿನ ವಲಸೆ ಕಚೇರಿಯಲ್ಲಿ ಕೊಡುವ ಮುಚ್ಚಳಿಕೆಗೆ 29, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ, ಟಿಕೆಟ್ಟು, ಎಲ್ಲ ಕೂಡಿ ಲಕ್ಷ ರೂಪಾಯಿಯ ಆಸುಪಾಸು. 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ, ಹಾಗಾಗಿ ಯಾವಾಗ ಕರೆಸುತ್ತೀರಿ ಅನ್ನುವುದೇ ಪ್ರಶ್ನೆ. ಬಾಣಂತನಕ್ಕೆ ಕರೆಸಿ ಆ 90 ದಿನ ಮುಗಿಸುವವರೇ ಹೆಚ್ಚು. ನನ್ನ ಮಟ್ಟಿಗೆ, ಭಾಷೆಗೆ ಬೇಕಾದರೆ ಮಗು ಎರಡು ಪದ ಜೋಡಿಸಲು ಶುರು ಮಾಡಿದ ಮೇಲೆ ಕರೆಸಬೇಕು. ಕೀಟಾದಿಂದ ಮಗುವನ್ನು ಮೂರು ಗಂಟೆಗೇ ಅಮ್ಮ ಕರೆತರುತ್ತಿದ್ದರು. ದಿನಕ್ಕೆ ಮೂರು ಗಂಟೆ ಬರೀ ಕನ್ನಡ, ಪಾರ್ಕಿನ ಮರಳಿನಲ್ಲಿ. ವಾಪಸು ಹೊರಡುವ ಹೊತ್ತಿಗೆ ಮಗಳು "ಯಾಕ್ ಅಜ್ಜಿ, ಮಂಡಿ ನೋವಾ?" ಅನ್ನುವ ಮಟ್ಟಕ್ಕೆ ಬಂದಿದ್ದಳು.

ಅಮ್ಮ ಹೋದ ಮೇಲೆ ಆ ಜಾಗ ತುಂಬಬೇಕಲ್ಲ. ಇಲ್ಲಿ ಓದುತ್ತಿರುವ ದಾವಣಗೆರೆಯ ಹುಡುಗಿಯೊಬ್ಬಳನ್ನು ಹಿಡಿದೆವು. ವಾರಕ್ಕೆರಡು ಮಧ್ಯಾಹ್ನ, ಎರಡೆರಡು ಗಂಟೆ, ಗಂಟೆಗೆ 14 ಯೂರೊ, ತಿಂಗಳಿಗೆ ಸುಮಾರು 240. ಅವಳಿಗೆ ಜರ್ಮನ್ ಚೆನ್ನಾಗಿಯೇ ಬರುತ್ತದೆ, ಆದರೆ ಮಗಳಿಗೆ ಇವತ್ತಿಗೂ ಅದು ಗೊತ್ತಿಲ್ಲ. ಕೆಲಸಕ್ಕೆ ಸೇರುವಾಗಲೇ ಹಾಕಿದ ಷರತ್ತು ಅದೊಂದೇ. ಕೈಯಲ್ಲಿ ನಗದು ಕೊಡಬೇಡಿ. ಮಿನಿಜಾಬ್ (ಸಣ್ಣ ಅರೆಕಾಲಿಕ ಕೆಲಸ) ಅಂತ ನೋಂದಾಯಿಸಿ ಬ್ಯಾಂಕಿನಿಂದ ಕಳಿಸಿದರೆ ಮಗುವಿನ ಪಾಲನೆಯ ಖರ್ಚೆಂದು ತೆರಿಗೆಯಲ್ಲಿ ತೋರಿಸಬಹುದು. 2025ರಿಂದ ಖರ್ಚಿನ 80 ಪ್ರತಿಶತ, ವರ್ಷಕ್ಕೆ 4,800 ಯೂರೊವರೆಗೆ. ನಗದಿಗೆ ಸೊನ್ನೆ. ಇಷ್ಟು ಖರ್ಚು ಹೆಚ್ಚಾಯಿತು ಅನ್ನುವವರಿಗೆ: ಬರ್ಲಿನ್‌ನಲ್ಲಿ ಕೀಟಾಗೆ ಶುಲ್ಕವಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೊ ಅಷ್ಟೆ. ಮ್ಯೂನಿಕ್ ಗೆಳೆಯ ಕೀಟಾಗೆ ಸುರಿಯುವುದನ್ನು ನಾನು ಕನ್ನಡಕ್ಕೆ ಸುರಿಯುತ್ತೇನೆ.

ಮನೆಯೊಳಗೆ ಓಪೋಲ್ ಬಿಟ್ಟೆವು. ನಾನೂ ಅರೆಬರೆ ತುಳು ಆಡುತ್ತೇನೆ, ಹೆಂಡತಿಯೂ ಕನ್ನಡ ಆಡುತ್ತಾಳೆ, ಮಗು ಬೆರೆಸಿದರೆ ಬೆರೆಸಲಿ. ಹೊರಗಿಟ್ಟದ್ದು ಇಂಗ್ಲಿಷ್ ಮಾತ್ರ. ಗಂಡ-ಹೆಂಡಿರ ಮಾತಿನಿಂದ ಇಂಗ್ಲಿಷ್ ತೆಗೆಯುವುದು ಮಗುವಿಗೆ ಕನ್ನಡ ಕಲಿಸುವುದಕ್ಕಿಂತ ಕಷ್ಟ, ಮೊದಲೆರಡು ವಾರ ಮನೆಯಲ್ಲಿ ಮಾತೇ ಕಡಿಮೆಯಾಯಿತು! ಮಗಳು ಜರ್ಮನ್‌ನಲ್ಲಿ ಕೇಳಿದರೆ ತಿದ್ದುವುದಿಲ್ಲ, "ಹಾಲು ಬೇಕಾ, ಮಜ್ಜಿಗೆ ಬೇಕಾ?" ಅಂತ ಎರಡು ಆಯ್ಕೆ ಕೊಟ್ಟು ಸುಮ್ಮನಿರುತ್ತೇವೆ. ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಬಹುಪಾಲು ಅಪ್ಪಂದಿರು ಮೂರಕ್ಕೇ ಸೋಲುತ್ತಾರೆ.

ಇದರ ಮಧ್ಯೆ ಏನೇನೋ ಪ್ರಯೋಗ. ಮೇಲೆ ಗೊಂಬೆ ಇಟ್ಟರೆ ಕತೆ ಹೇಳುವ ಟೋನಿ ಬಾಕ್ಸ್ ಇಲ್ಲಿ ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ನಮ್ಮದೇ ಧ್ವನಿ ತುಂಬಿಸುವ ಖಾಲಿ ಗೊಂಬೆ ಸಿಗುತ್ತದೆ, ಸುಮಾರು 13 ಯೂರೊ, ಒಂದೂವರೆ ಗಂಟೆಯ ಧ್ವನಿ ಹಿಡಿಸುತ್ತದೆ. ಇಬ್ಬರು ಅಜ್ಜಿಯರೂ ವಾಟ್ಸಾಪಿನಲ್ಲಿ ಕಳಿಸಿದ ಕತೆಗಳನ್ನು ಒಂದೊಂದು ಗೊಂಬೆಗೆ ಹಾಕಿದೆ. ಹಾಸನದ ಗೊಂಬೆಯ ಕತೆಯಲ್ಲಿ ಕುಕ್ಕರ್ ಕೂಗುತ್ತದೆ, ಅದನ್ನು ಕತ್ತರಿಸಬೇಕೆಂದಿದ್ದೆ. ಈಗ ಮಗಳು ಕುಕ್ಕರ್‌ಗಾಗಿಯೇ ಕಾಯುತ್ತಾಳೆ.

ಇನ್ನೊಂದು ರಿಂಗ್‌ಬಾನ್, ಬರ್ಲಿನ್ ಸುತ್ತುವ ರೈಲು. ಎಸ್41ರಲ್ಲಿ ಕೂತರೆ ಊರಿಗೆ ಒಂದು ಸುತ್ತು, 27 ನಿಲ್ದಾಣ, ಒಂದು ಗಂಟೆ. ನನ್ನದು ಹೇಗೂ ತಿಂಗಳ ಪಾಸು, ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಭಾನುವಾರ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಕಂಡದ್ದನ್ನೆಲ್ಲ ಹೇಳುತ್ತಾ ಹೋಗುವುದು. ವೆಸ್ಟ್‌ಹಾಫನ್‌ನಲ್ಲಿ ಕ್ರೇನು, ಓಸ್ಟ್‌ಕ್ರಾಯ್ಸ್‌ನಲ್ಲಿ ಕೆಳಗಡೆಯೂ ರೈಲು, ಟೆಂಪೆಲ್‌ಹೋಫ್ ಹತ್ತಿರ ಹಳೇ ವಿಮಾನ ನಿಲ್ದಾಣದ ಬಯಲಿನಲ್ಲಿ ಗಾಳಿಪಟ. ದಾರಿ ಪ್ರತಿ ಸಲ ಅದೇ, ಹಾಗಾಗಿ ಎರಡನೇ ತಿಂಗಳಿಗೆ ಅವಳೇ ಮೊದಲು ಹೇಳತೊಡಗಿದಳು. ಚಿತ್ರಪುಸ್ತಕ ಕೊಡದ ಫಲ ಇದು ಕೊಟ್ಟಿತು.

ಊ7ಕ್ಕೆ ಹೋಗುವವರಿಗೆ ಒಂದು ಮಾತು. ಎರಡು ವರ್ಷಕ್ಕೆ 50 ಪದ ಅನ್ನುವ ಲೆಕ್ಕ ಕೇಳುತ್ತಾರೆ. ಜರ್ಮನ್ ಮಾತ್ರ ಎಣಿಸಿದರೆ ನಮ್ಮದು ಹದಿನೈದರ ಹತ್ತಿರ ಇತ್ತು, ಡಾಕ್ಟರಿಗೆ ಗಾಬರಿಯಾದದ್ದು ಅದಕ್ಕೇ. ಮನೆಗೆ ಬಂದು ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿ ಎಲ್ಲ ಭಾಷೆಯ ಪದ ಬರೆದೆವು. ವಾರದಲ್ಲಿ 80 ದಾಟಿತು. ಆ ಹಾಳೆಯನ್ನೇ ಒಯ್ದು ತೋರಿಸಿದೆ, ಭಾಷೆ ಕಡಿಮೆ ಮಾಡುವ ಮಾತು ಅಲ್ಲಿಗೆ ನಿಂತಿತು. ಜರ್ಮನ್‌ನ ಚಿಂತೆ ನಾವು ಮಾಡಲೇ ಇಲ್ಲ, ಎರಡೂವರೆಯ ಹೊತ್ತಿಗೆ ಅದು ತಾನೇ ನುಗ್ಗಿ ಬಂತು. ಇಂಗ್ಲಿಷ್ ಮುಂದೆ ಶಾಲೆಗೆ ಹೋದಾಗ ಬರಲಿ.

ಈಗಿರುವ ತಲೆನೋವು ಬೇರೆ. ದಾವಣಗೆರೆಯ ಹುಡುಗಿಯ ಓದು ಮುಗಿಯುತ್ತಿದೆ, ಕೆಲಸ ಸಿಕ್ಕಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಅವಳ ಜಾಗಕ್ಕೆ ಇನ್ನೊಬ್ಬರು ಬೇಕು, ಗಂಟೆಗೆ 15 ಯೂರೊ ಕೊಡಲು ತಯಾರಿದ್ದೇನೆ. ಬರ್ಲಿನ್‌ನ ನೊಯ್‌ಕೋಲ್ನ್ ಕಡೆಯವರಾದರೆ ಒಳ್ಳೆಯದು, ಉತ್ತರ ಕರ್ನಾಟಕದವರಾದರೆ ಇನ್ನೂ ಒಳ್ಳೆಯದು, ಮಗಳಿಗೆ ಆ ಕನ್ನಡವೂ ಕಿವಿಗೆ ಬೀಳಲಿ. ಜರ್ಮನ್ ಬರುತ್ತದೆ ಅಂತ ಮಾತ್ರ ಅವಳ ಮುಂದೆ ಬಾಯಿ ಬಿಡಬಾರದು.