ಮ್ಯಾನೇಜರ್ ಆದ ಮೇಲೆ ನಾನು ಓದಿದ್ದು

ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಭಟ್ರು, ಸಪ್ಲಾಯರ್, ಕ್ಲೀನರ್ ಎಲ್ಲ ಸೇರಿ 22 ಜನ. ಗಲ್ಲೆಯಲ್ಲಿ ಕೂತ ಮೊದಲ ವರ್ಷ, ಜನರನ್ನು ನಡೆಸುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳನ್ನು ತುಂಬ ಓದಿದೆ. ಅವೆಲ್ಲ ಮೇಲೆ ಕೂತವನ ಕಣ್ಣಿಂದ ಬರೆದವು. ಕೆಳಗೆ ನಿಂತವನಿಗೆ ನಾನು ಹೇಗೆ ಕಾಣುತ್ತೇನೆ ಅನ್ನೋದು ಅವುಗಳಲ್ಲಿ ಸಿಗಲಿಲ್ಲ. ಅದು ಸಿಕ್ಕಿದ್ದು ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ.

ಅದಕ್ಕೂ ಮೊದಲು ನಡೆದದ್ದನ್ನು ಹೇಳಬೇಕು. ಒಂದು ರಾತ್ರಿ ಲೆಕ್ಕದಲ್ಲಿ 1,800 ರೂಪಾಯಿ ಕಡಿಮೆ ಬಂತು. ನನಗೆ ಒಬ್ಬ ಸಪ್ಲಾಯರ್ ಮೇಲೆ ಅನುಮಾನ. ಅವನನ್ನು ಏನೂ ಕೇಳಲಿಲ್ಲ. ಮರುದಿನ ಟೇಬಲ್ ಕೊಡದೆ, "ಸ್ವಲ್ಪ ದಿನ ಒಳಗೆ ಇರು" ಅಂದೆ, ಅಷ್ಟೆ. ಮೂರು ದಿನ ಅವನು ತರಕಾರಿ ಹೆಚ್ಚುತ್ತಾ ನನ್ನ ಮುಖ ನೋಡುತ್ತಿದ್ದ. ಉಳಿದವರು ಅವನ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟರು. ನಾಲ್ಕನೇ ದಿನ ತಪ್ಪು ಸಿಕ್ಕಿತು. ಹಾಲಿನವನಿಗೆ ಕೊಟ್ಟ ದುಡ್ಡನ್ನು ನಾನೇ ಬರೆದಿರಲಿಲ್ಲ. ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣ" ಅಂದ. ತಿಂಗಳು ತುಂಬಿದ ಮೇಲೆ ಕುಂದಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ.

ಅದೇ ವರ್ಷ ಡೊಂಬಿವಲಿಯ ಸ್ಲೋ ಲೋಕಲ್‌ನಲ್ಲಿ ‘ಶಿಕಾರಿ’ ಓದಿದೆ. 1979ರ ಕಾದಂಬರಿ, ನಮ್ಮ ಮುಂಬೈಯದೇ ಕತೆ. ನಾಗಪ್ಪ ಅನ್ನುವ ಅಧಿಕಾರಿಯನ್ನು ಕಂಪನಿ ಇದ್ದಕ್ಕಿದ್ದ ಹಾಗೆ ಅಮಾನತಿನಲ್ಲಿ ಇಡುತ್ತದೆ. ತಾನು ಮಾಡಿದ್ದೇನು, ಹಿಂದೆ ಯಾರಿದ್ದಾರೆ, ಅವನಿಗೆ ಸರಿಯಾಗಿ ಗೊತ್ತಾಗುವುದೇ ಇಲ್ಲ. ಸಣ್ಣ ಮಾತಿಗೂ ಬೆಚ್ಚುತ್ತಾನೆ. ಸುತ್ತಲಿನವರೆಲ್ಲ ಬೇಟೆಗೆ ಹೊರಟವರ ಹಾಗೆ ಕಾಣತೊಡಗುತ್ತಾರೆ. ಚಿತ್ತಾಲರು ಸ್ವತಃ ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದವರು. ಕೆಲಸದ ಜಾಗದ ಭಯ ಮನುಷ್ಯನ ನಿದ್ದೆಯೊಳಗೆ ಹೇಗೆ ಇಳಿಯುತ್ತದೆ ಅಂತ ಅಷ್ಟು ಹತ್ತಿರದಿಂದ ಬರೆದವರನ್ನು ನಾನು ಬೇರೆ ಓದಿಲ್ಲ. ಹುಡುಗ ತರಕಾರಿ ಹೆಚ್ಚುತ್ತಿದ್ದ ಆ ಮೂರು ದಿನ ನನಗೆ ಅರ್ಥವಾಗಿದ್ದು ಆಗಲೇ. ಥಾಣೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿದೆ, ಮುಂದೆ ಓದಲು ಆಗಲಿಲ್ಲ.

ಆಮೇಲೆ ಒಂದು ಪದ್ಧತಿ ಇಟ್ಟುಕೊಂಡೆ. ಯಾರ ಮೇಲೆ ಅನುಮಾನ ಬಂದರೂ ಅದೇ ದಿನ ಕರೆಯುತ್ತೇನೆ. ಇಬ್ಬರೇ ಕೂರುತ್ತೇವೆ. ವಿಷಯ ಬಾಯಿಬಿಟ್ಟು ಹೇಳಿ, ಲೆಕ್ಕದ ಪುಸ್ತಕ ಅವನ ಮುಂದೆಯೇ ಬಿಚ್ಚುತ್ತೇನೆ. ಸಂಗತಿ ತಿಳಿಯುವ ತನಕ ಅವನ ಟೇಬಲ್ ಅವನದೇ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಳೆಯ ಓದು. 1980ರಲ್ಲಿ ಬಂದ ಪುಸ್ತಕ. ಶಾಲೆಯಲ್ಲಿದ್ದಾಗ ಹಾರುವ ಓತಿಗಾಗಿ ಓದಿದ್ದೆ. ಈ ಸಲ ಮಂದಣ್ಣನ ಹಿಂದೆ ಹೋದೆ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಆದರೆ ಆ ಓತಿಯನ್ನು ಕಣ್ಣಾರೆ ಕಂಡವನು ಅವನೇ ಅಲ್ವಾ? ವಿಜ್ಞಾನಿ ಕರ್ವಾಲೊ ಅಷ್ಟು ಓದಿದವರು, ಅವನ ಮಾತು ನಂಬಿ ಕಾಡಿಗೆ ಹೊರಡುತ್ತಾರೆ.

ನಮ್ಮಲ್ಲಿ ಮಂದಣ್ಣ ಯಾರು ಅಂತ ಯೋಚಿಸಿದೆ. ಹಿಂದೆ ಮೋರಿ ಹತ್ತಿರ ತಟ್ಟೆ ತೊಳೆಯುವ ಹುಡುಗ! ಗಿರಾಕಿ ಏನು ಬಿಟ್ಟು ಎದ್ದ ಅಂತ ಭಟ್ರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನ ಕೈ ದಾಟದ ತಟ್ಟೆ ಇಲ್ಲ. ಜಾರ್ಖಂಡಿನವನು, ಹಿಂದಿಯಲ್ಲಿ ಕೇಳಿದೆ. ಹೆದರಿ ಸುಮ್ನೆ ನಿಂತ. ನಾಲ್ಕು ದಿನ ಬಿಟ್ಟು ತಾನೇ ಬಂದು ಹೇಳಿದ, ಹನ್ನೊಂದು ಗಂಟೆ ಮೇಲೆ ಚಟ್ನಿ ಬಟ್ಟಲು ಮುಟ್ಟದ ಹಾಗೇ ವಾಪಸ್ ಬರುತ್ತದೆ ಅಂತ. ನೋಡಿದರೆ ಬೆಳಗಿನ ಚಟ್ನಿ ಅಷ್ಟೊತ್ತಿಗೆ ಹುಳಿ ಬಂದಿರುತ್ತಿತ್ತು. ಈಗ ಎರಡು ಸಲ ರುಬ್ಬುತ್ತೇವೆ. ಎರಡನೇ ಚಟ್ನಿಯ ರುಚಿ ಮೊದಲು ನೋಡುವುದು ಆ ಹುಡುಗನೇ.

ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವನ್ನು ಎತ್ತಿಕೊಂಡದ್ದು ಬರೀ ಆಟದ ಹುಚ್ಚಿಗೆ. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು. ಓದುತ್ತಾ ಮನಸ್ಸು, ಹಾಡುತ್ತಾ ಆಟ ನಡೆಸುವ ಭಾಗವತರ ಮೇಲೆ ನಿಂತಿತು. ಅವರನ್ನು ಮೊದಲನೇ ವೇಷ ಅನ್ನುತ್ತಾರೆ, ಆದರೆ ಮುಖಕ್ಕೆ ಬಣ್ಣವಿಲ್ಲ, ತಲೆಗೆ ಕಿರೀಟವಿಲ್ಲ. ಅವರು ಪದ ಹೇಳುತ್ತಾರೆ. ಅರ್ಥ ಹೇಳುವುದು ವೇಷಧಾರಿ, ಅದೂ ಅಲ್ಲೇ ಹುಟ್ಟುವ ಅವನದೇ ಮಾತಿನಲ್ಲಿ. ಆ ಹೊತ್ತು ಭಾಗವತರು ಅವನಿಗೆ ಬಿಟ್ಟುಕೊಡುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಮುಂದಿನ ಪದ ಅವರ ಬಾಯಲ್ಲಿ ತಯಾರಿರುತ್ತದೆ.

ನಾನೋ, ಗಲ್ಲೆಯಿಂದಲೇ ಎಲ್ಲರ ಅರ್ಥವನ್ನೂ ಹೇಳುತ್ತಿದ್ದೆ. ಏಳಕ್ಕೆ ನೀರು ಕೊಡು, ಮೂರಕ್ಕೆ ಬಿಲ್ ಕೊಡು ಅಂತ ಒಂದೇ ಕೂಗಾಟ. ಈಗ ಬಾಗಿಲು ತೆಗೆಯುವ ಮುಂಚೆ ಐದು ನಿಮಿಷ ಎಲ್ಲರೂ ನಿಂತು ಮಾತಾಡುತ್ತೇವೆ. ಇವತ್ತು ಏನಿದೆ, ಏನಿಲ್ಲ, ಯಾರು ರಜೆ. ಆಮೇಲೆ ಟೇಬಲ್‌ಗಳ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಪೂರ್ತಿ ರೂಢಿಯಾಗಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾಲು ಫುಟ್‌ಪಾತ್ ಮುಟ್ಟಿದಾಗ ಗಂಟಲವರೆಗೆ ಕೂಗು ಬಂದು ನಿಲ್ಲುತ್ತದೆ. ಆಗ ಗಲ್ಲೆಯನ್ನು ಇನ್ನೊಬ್ಬರಿಗೆ ಬಿಟ್ಟು, ಬಟ್ಟೆ ತಗೊಂಡು ಟೇಬಲ್ ಒರೆಸಲು ಹೋಗುತ್ತೇನೆ.