ಪಿನ್‌ಬಾಲ್ ಮೆಷಿನ್‌ನಲ್ಲಿ ಶಬ್ದ ಬರುತ್ತಿಲ್ಲವಾ? ಐಸಿ ಕೀಳುವ ಮೊದಲು ಇದನ್ನು ನೋಡಿ

ಲೈಟ್ ಉರಿಯುತ್ತದೆ, ಫ್ಲಿಪ್ಪರ್ ಚೆಂಡನ್ನು ಹೊಡೆಯುತ್ತದೆ, ಸ್ಕೋರ್ ಏರುತ್ತದೆ, ಶಬ್ದ ಮಾತ್ರ ಇಲ್ಲ. ಹಳೇ ಮೆಷಿನ್ ತಂದವರು ಹೇಳುವುದು ಒಂದೇ: "ಐಸಿ ಹೋಗಿದೆ ಮಾರಾಯ್ರೆ, ಹೊಸದು ಹಾಕಿಬಿಡಿ." ನಮ್ಮ ಮಂಗಳೂರಿನಲ್ಲಿ ಐಸಿ, ಅಂದರೆ ಬೋರ್ಡಿನ ಚಿಪ್‌ಗಿಂತ ಮೊದಲು ಕೈಕೊಡುವುದು ವೈರನ್ನು ಬೋರ್ಡಿಗೆ ಸೇರಿಸುವ ಕನೆಕ್ಟರ್. ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಸುರತ್ಕಲ್‌ನ ಕಡಲಬದಿಯ ಮನೆಯೊಂದರಿಂದ ನನ್ನ ಕೈಗೆ ಬಂದ 1979ರ ವಿಲಿಯಮ್ಸ್ 'ಫ್ಲ್ಯಾಶ್' ಮೆಷಿನ್ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ಕರೆಂಟ್ ವಿಚಾರ. ಅಮೆರಿಕದ ಮೆಷಿನ್ 120 ವೋಲ್ಟಿನದ್ದು. ಒಳಗಿನ ಟ್ರಾನ್ಸ್‌ಫಾರ್ಮರ್ ವೈರಿಂಗ್ ನೋಡದೆ ನಮ್ಮ 230ಕ್ಕೆ ಚುಚ್ಚಬೇಡಿ. ಸ್ಕೋರ್ ಡಿಸ್‌ಪ್ಲೇಗೆ 100 ವೋಲ್ಟಿನ ಸಪ್ಲೈ ಬೇರೆ ಇದೆ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಮಲ್ಟಿಮೀಟರ್ ಇಟ್ಟು ವೋಲ್ಟ್ ಉಳಿದಿಲ್ಲವೆಂದು ನೋಡಿಯೇ ಕೈ ಹಾಕಿ.

ಆಮೇಲೆ ಸ್ಪೀಕರ್‌ನಿಂದ ಹಿಂದಕ್ಕೆ ಬನ್ನಿ. ಸ್ಪೀಕರ್ ವೈರ್ ಬಿಚ್ಚಿ ಒಂದು ಪೆನ್ ಸೆಲ್ ತಾಗಿಸಿದರೆ 'ಟಕ್' ಅನ್ನಬೇಕು. 8 ಓಮ್ ಸ್ಪೀಕರ್ ಮೀಟರಿನಲ್ಲಿ 6-7 ತೋರಿಸಿದರೂ ಸರಿಯೇ. ವಾಲ್ಯೂಮ್ ಕಂಟ್ರೋಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆ ತುದಿಯಿಂದ ಈ ತುದಿಗೆ ಚೆನ್ನಾಗಿ ತಿರುಗಿಸಿ.

ಕನೆಕ್ಟರ್‌ಗೆ ಜಾಸ್ತಿ ಹೊತ್ತು ಕೊಡಿ. ಫ್ಲ್ಯಾಶ್‌ನ ಸೌಂಡ್ ಬೋರ್ಡ್ ಮಗುಚಿ ಟಾರ್ಚ್ ಓರೆಯಾಗಿ ಹಿಡಿದಾಗ, ಒಂದು ಪಿನ್ನಿನ ಸುತ್ತ ಸೋಲ್ಡರ್‌ನಲ್ಲಿ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡಿತು. ಪಿನ್ ಅಲ್ಲಾಡಿಸಿದರೆ ಆ ಉಂಗುರದೊಳಗೇ ಅಲ್ಲಾಡುತ್ತಿತ್ತು. ಡ್ರೈ ಸೋಲ್ಡರ್ ಅಂದರೆ ಇದೇ. ಹಳೆಯದನ್ನು ಪೂರ್ತಿ ಹೀರಿ ತೆಗೆದು ಹೊಸ ಸೋಲ್ಡರ್ ಹಾಕಿ. ಮೇಲಿಂದ ಸುಮ್ನೆ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಮೆಷಿನ್ ವಾಪಸ್ ಬರುತ್ತದೆ. ಹಸಿರು ಕಿಲುಬು ಹಿಡಿದಿದ್ದರೆ ಪಿನ್, ಅದರ ಎದುರಿನ ಸಾಕೆಟ್ ಎರಡನ್ನೂ ಬದಲಿಸಿ. ಮರಳುಕಾಗದದಲ್ಲಿ ಉಜ್ಜುವ ಚಾಳಿ ನನಗಂತೂ ಆಗುವುದಿಲ್ಲ. ಮೇಲಿನ ತವರ ಕಿತ್ತುಹೋಗಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ.

ಈಗ ಆನ್ ಮಾಡಿ, ಸೌಂಡ್ ಬೋರ್ಡಿನಲ್ಲೇ ಇರುವ ಟೆಸ್ಟ್ ಬಟನ್ ಒತ್ತಿ. ಶಬ್ದ ಬಂದರೆ ಬೋರ್ಡ್ ಚೆನ್ನಾಗಿದೆ, ಲೈಟ್, ಕಾಯಿಲ್‌ಗಳನ್ನು ನಡೆಸುವ ಡ್ರೈವರ್ ಬೋರ್ಡಿನಿಂದ ಬರುವ ವೈರುಗಳನ್ನು ಪರೀಕ್ಷಿಸಿ. ಯಾವ ಶಬ್ದ ಬೇಕು ಎನ್ನುವ ಸಿಗ್ನಲ್ ಕೆಲವೇ ವೈರುಗಳಲ್ಲಿ ಬರುತ್ತದೆ. ಅದರಲ್ಲಿ ಒಂದು ಬಿಟ್ಟುಹೋದರೂ ಒಂದರ ಬದಲು ಇನ್ನೊಂದು ಶಬ್ದ ಬರುತ್ತದೆ.

ಬರಲಿಲ್ಲವಾ? ಐದು ಕಾಲಿನ ಟಿಡಿಎ2002 ಆಂಪ್ಲಿಫೈಯರ್ ನೋಡಿ. 5ನೇ ಕಾಲಿನಲ್ಲಿ ಸಪ್ಲೈ, 4ನೇ ಕಾಲಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ ಇರಬೇಕು. 12 ಇದ್ದರೆ ಸುಮಾರು 6. ಪ್ರೋಬ್ ಜಾರಿಸಬೇಡಿ, ಕಾಲುಗಳು ತೀರಾ ಹತ್ತಿರ. ಅರ್ಧ ಇಲ್ಲದಿದ್ದರೆ ಟಿಡಿಎ2003 ಹಾಕಿ, ಕಾಲುಗಳು ಹಾಗೇ ಹೊಂದುತ್ತವೆ. ಕಾರ್ ಸ್ಟೀರಿಯೋ ರಿಪೇರಿಯವರಿಗೆಲ್ಲ ಗೊತ್ತಿರುವ ಐಸಿ, ಅಲ್ವಾ? ಡುಪ್ಲಿಕೇಟೂ ಅಷ್ಟೇ ಇದೆ, ನೋಡಿ ತನ್ನಿ.

ಆಂಪ್ಲಿಫೈಯರ್ ಸರಿ ಇದ್ದೂ ಶಬ್ದ ಇಲ್ಲದಿದ್ದರೆ ಡಿಜಿಟಲ್ ಅಂಕಿಯನ್ನು ಶಬ್ದದ ಸಿಗ್ನಲ್ ಮಾಡುವ 1408 ಐಸಿಯ 3ನೇ ಕಾಲು ಅಳೆಯಿರಿ. ಅಲ್ಲಿ ಮೈನಸ್ ವೋಲ್ಟ್ ಬೇಕು. ಎಲ್ಲರೂ ಪ್ಲಸ್ 5, ಪ್ಲಸ್ 12 ನೋಡಿ ಮೀಟರ್ ಮಡಚುತ್ತಾರೆ, ಮೈನಸ್ ಮರೆಯುತ್ತಾರೆ. ಕೊನೆಗೆ ಸೌಂಡ್ ಬೋರ್ಡಿನ ಪ್ರೊಸೆಸರ್ ಆದ 6802ರ 40ನೇ ಕಾಲು, ಅಂದರೆ ರೀಸೆಟ್. ಅದು 5 ವೋಲ್ಟಿನ ಹತ್ತಿರ ನಿಂತಿರಬೇಕು.

ಯಕ್ಷಗಾನದ ಮೈಕ್ ಸೆಟ್ಟಿನ ಹಾಗೆ 'ಗುಂಯ್' ಅಂದರೆ ಅದು ಹೆಚ್ಚಾಗಿ ಸಪ್ಲೈಯ ಏರಿಳಿತ ಸರಿಮಾಡುವ ಫಿಲ್ಟರ್ ಕಂಡೆನ್ಸರ್ ಒಣಗಿರುವುದು. ವೋಲ್ಟೇಜ್ ರೇಟಿಂಗ್ ಕಡಿಮೆ ಇರುವುದನ್ನು ಹಾಕಬೇಡಿ, ಪ್ಲಸ್ ಮೈನಸ್ ತಿರುಗಿಸಬೇಡಿ.

ಎಲ್ಲ ಆದ ಮೇಲೆ ಒಂದು ಆಟ ಪೂರ್ತಿ ಆಡಿ. ಫ್ಲ್ಯಾಶ್‌ನಲ್ಲಿ ಆಟ ಸಾಗಿದ ಹಾಗೆ ಹಿನ್ನೆಲೆಯ ಶಬ್ದ ಏರುತ್ತಾ ಹೋಗಬೇಕು. ನಡುವೆ ನಿಂತರೆ, ಟಿಲ್ಟ್ ಆಗದ ಹಾಗೆ (ಜೋರಾಗಿ ಅಲ್ಲಾಡಿಸಿದರೆ ಮೆಷಿನ್ ಆಟ ತಡೆಯುತ್ತದೆ) ಪಕ್ಕದಿಂದ ಮೆಲ್ಲಗೆ ತಟ್ಟಿ. ಶಬ್ದ ವಾಪಸ್ ಬಂದರೆ ಎಲ್ಲೋ ಇನ್ನೊಂದು ಪಿನ್ ಬಾಕಿ ಉಂಟು, ಬೋರ್ಡ್ ಮತ್ತೆ ಬಿಚ್ಚಿ.