ಹಳೇ ಬೀರು ಕೊಳ್ಳೋ ಮೊದಲು ಡ್ರಾಯರ್ ಎಳೆದು ನೋಡಿ

ಈಗಿನ ಮಕ್ಕಳು ಹಳೇ ಮರದ ಸಾಮಾನು ಕೊಳ್ಳೋದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಮುಂಬೈನಲ್ಲಿ ಹಳೇ ಸಾಮಾನು ಮಾರುವ ಓಶಿವಾರಾಕ್ಕೋ ಚೋರ್ ಬಜಾರಿಗೋ ಹೋಗುತ್ತಾರೆ, ಮುಂದಿನಿಂದ ಒಂದು ಫೋಟೋ ತೆಗೆಯುತ್ತಾರೆ, ಅಂಗಡಿಯವನು ‘ಬರ್ಮಾ ಟೀಕ್’, ಅಂದರೆ ಬರ್ಮಾದ ತೇಗ, ಅಂದ ಕೂಡಲೇ ದುಡ್ಡು ಎಣಿಸುತ್ತಾರೆ. ಸಾಮಾನಿನ ಬೆನ್ನು ನೋಡಿದಿರಾ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಸ ಪಾಲಿಶ್ ಹೊಡೆಯೋದೇ ನಿಮ್ಮ ಕಣ್ಣು ಅಲ್ಲಿ ನಿಲ್ಲಲಿ ಅಂತ, ಅಲ್ವಾ?

ಡ್ರಾಯರ್ ಇದ್ದರೆ ಪೂರ್ತಿ ಹೊರಗೆ ಎಳೆಯಿರಿ. ಅಂಗಡಿಯವನು ಗೊಣಗಲಿ ಬಿಡಿ. ಬೆಳಕಿಗೆ ತಂದು ಬೋರಲು ಹಾಕಿ, ಮೊದಲು ಮೂಲೆ ನೋಡಿ. ಹಳೇ ಬಡಗಿಗಳು ಎರಡು ಹಲಗೆಗೂ ಹಲ್ಲು ಕೊಯ್ದು ಒಂದರೊಳಗೊಂದು ಕೂರಿಸುತ್ತಿದ್ದರು. ಕೈಯಲ್ಲಿ ಕೊಯ್ದ ಹಲ್ಲು ಒಂದು ಸಣ್ಣ, ಒಂದು ದೊಡ್ಡ ಇರುತ್ತದೆ. ಎಲ್ಲಾ ಒಂದೇ ಅಳತೆ ಇದ್ದರೆ ಮೆಷಿನ್ನಿನದು. ಬರೀ ಮೊಳೆ ಹೊಡೆದು ಅಂಟು ಹಾಕಿದ್ದರೆ ಹಳೇದರ ರೇಟು ಕೊಡಬೇಡಿ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ‘ನೂರೈವತ್ತು ವರ್ಷದ್ದು’ ಅಂದವನಿಗೆ ಅದನ್ನು ತೋರಿಸಿ, ಯಾವಾಗ ಹಾಕಿಸಿದೆ ಅಂತ ಕೇಳಿ.

ಆಮೇಲೆ ಬಣ್ಣ. ಡ್ರಾಯರಿನ ಪಕ್ಕಕ್ಕೂ ತಳಕ್ಕೂ ಸಾಮಾನ್ಯವಾಗಿ ಪಾಲಿಶ್ ಹಾಕುತ್ತಿರಲಿಲ್ಲ. ಗಾಳಿ ಬೆಳಕು ತಾಗಿದ ಕಡೆ ಒಂದು ಬಣ್ಣ, ಮುಚ್ಚಿಕೊಂಡ ಕಡೆ ಇನ್ನೊಂದು ಬಣ್ಣ ಇರುತ್ತದೆ. ಎಲ್ಲಾ ಕಡೆ ಒಂದೇ ಕಪ್ಪು ಇದ್ದರೆ ಯಾರೋ ಬಣ್ಣ ಬಳಿದು ವಯಸ್ಸು ತರಿಸಿದ್ದಾರೆ. ಈಗ ಕೆಳ ಅಂಚಿನ ಮೇಲೆ ಬೆರಳು ಓಡಿಸಿ. ವರ್ಷಗಟ್ಟಲೆ ಎಳೆದ ಡ್ರಾಯರ್ ಹಿಂದಿನ ಕಡೆ ಜಾಸ್ತಿ ಸವೆದಿರುತ್ತದೆ. ಅದು ಜಾರುವ ಒಳಗಿನ ಪಟ್ಟಿ ಮುಂದಿನ ಕಡೆ ಸವೆದಿರುತ್ತದೆ. ಒಂದು ಸವೆದು ಇನ್ನೊಂದು ನುಣ್ಣಗಿದ್ದರೆ, ಪಟ್ಟಿ ಬದಲಾಗಿದೆ ಇಲ್ಲಾ ಡ್ರಾಯರೇ ಬೇರೆ ಬೀರುವಿನದು. ಕೊನೆಗೆ ಖಾಲಿ ಗೂಡಿಗೆ ಮೂಗು ಇಟ್ಟು ವಾಸನೆ ನೋಡಿ. ಕಮಟು ವಾಸನೆ ಬಂದರೆ ತೇವ ಕೂತಿದೆ.

ಡ್ರಾಯರ್ ಬಿಗಿ ಅಂತ ಕೊಳ್ಳೋದು ಬಿಡಬೇಡಿ. ಮುಂಬೈ ಮಳೆಗೆ ಮರ ಉಬ್ಬುತ್ತದೆ. ಮಾಟುಂಗಾದ ನಮ್ಮ ಹಳೇ ಮನೆಯಲ್ಲಿ ಅತ್ತೆಯವರು ಮೇ ಕೊನೆಗೆ ಮೇಣದಬತ್ತಿಯ ತುಂಡು ಹಿಡಿದು ಎಲ್ಲಾ ಪಟ್ಟಿಗಳಿಗೂ ಉಜ್ಜೋರು. ಈಗಿನವರು ಮಳೆಗಾಲದಲ್ಲಿ ಉಪ್ಪುಕಾಗದ ಹಾಕಿ ತಿಕ್ಕುತ್ತಾರೆ, ಬೇಸಿಗೆ ಬಂದಾಗ ಡ್ರಾಯರ್ ಲೊಡಲೊಡ ಅನ್ನುತ್ತದೆ.

ಸಣ್ಣ ತೂತು ಕಂಡರೆ ಹೆದರಬೇಡಿ, ಬೀರುವನ್ನು ಅಂಗೈಯಲ್ಲಿ ಗಟ್ಟಿಯಾಗಿ ಬಡಿಯಿರಿ. ತೂತಿನಿಂದ ಹಿಟ್ಟಿನಂಥ ತಿಳಿ ಪುಡಿ ಉದುರಿದರೆ ಹುಳು ಇನ್ನೂ ಒಳಗಿರಬಹುದು. ಅದು ಒಂದಿದ್ದರೆ ನಿಮ್ಮ ಮನೆಯ ಬೇರೆ ಮರಕ್ಕೂ ಬಂತು ಅಂತಲೇ ತಿಳಿಯಿರಿ. ತೂತು ಕಪ್ಪಾಗಿ, ಪುಡಿ ಇಲ್ಲದಿದ್ದರೆ ಹಳೇ ಕಥೆ. ಕಾಲಿನ ತುದಿಗೆ ಪಿನ್ನು ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಕೊಳೆತಿದೆ. ಕಾಲು ಕೊಳೆಯೋಕೆ ಒಂದು ಕಾರಣ ನೆಲ ಒರೆಸೋ ರೀತಿ. ಬಟ್ಟೆ ಹಿಂಡದೆ ನೀರು ಹರಿಸಿ ಒರೆಸಿದರೆ ಮೊದಲು ಕುಡಿಯೋದು ಬೀರುವಿನ ಕಾಲು. ನಮ್ಮ ಸೊಸೆಗೆ ಹೇಳಿ ಹೇಳಿ ಸಾಕಾಯ್ತು.

ಪಾಲಿಶ್ ಯಾವ ಬಗೆಯದು ಅಂತ ತಿಳಿಯೋಕೆ ಕಾಣದ ಮೂಲೆಯಲ್ಲಿ ಹತ್ತಿಗೆ ಒಂಚೂರು ಸ್ಪಿರಿಟ್ ಹಾಕಿ ಒತ್ತಿ. ಅಂಟಂಟಾದರೆ ಅರಗಿನ ಪಾಲಿಶ್. ಅದನ್ನು ಕೆರೆದು ತೆಗೆಸಿ ಮಿಂಚೋ ಹಾಗೆ ಮಾಡಿಸಬೇಡಿ, ಬೆಲೆ ಇಳಿಯೋದೇ ಅಲ್ಲಿ. ಗೀರು, ಲೋಟದ ಕಲೆ, ಸವೆದ ಅಂಚು ಇದ್ದರೆ ಇರಲಿ. ಬೆತ್ತದ ಹೆಣಿಗೆ ಹರಿದಿದ್ದರೂ ಹೊಸದಾಗಿ ಹೆಣೆಯೋರು ಸಿಗುತ್ತಾರೆ. ಮುರಿದ ಕಾಲು, ಎದ್ದ ವಿನಿಯರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ), ಕಳೆದ ಹಿಡಿಕೆಗೆ ಮಾತ್ರ ಗಟ್ಟಿಯಾಗಿ ಚೌಕಾಶಿ ಮಾಡಿ. ರಿಪೇರಿಗೆ ಬಡಗಿ ಎಷ್ಟು ಕೇಳುತ್ತಾನೆ ಅಂತ ಮೊದಲೇ ಕೇಳಿಟ್ಟುಕೊಂಡು, ಅಷ್ಟು ಕಳೆದೇ ಬೆಲೆ ಹೇಳಿ. ಟೆಂಪೋ ಬಾಡಿಗೆ, ಹೊರೋ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಿಫ್ಟಿನ ಬಾಗಿಲಿನ ಅಳತೆ ಜೊತೆಗೆ ಮೆಟ್ಟಿಲು ತಿರುಗೋ ಜಾಗದ ಅಳತೆಯೂ ಬೇಕು.